ಭರಣಿಗೆ ಕಿವಿ ಇಟ್ಟು

ಅಕ್ಕ ದ್ರಾಕ್ಷಿ ಆರಿಸುವಾಗ ಅವಸರ ಮಾಡುತ್ತಿರಲಿಲ್ಲ. ಆ ಭಾನುವಾರ ಬೆಳಿಗ್ಗೆ ಚರ್ಚಿನಿಂದ ನೇರವಾಗಿ ಸಂತೆಕಟ್ಟೆಗೆ ನಡೆದು, ಬಸ್ಸು ಹಿಡಿದು, ನಾವಿಬ್ಬರು ಉಡುಪಿಗೆ ಬಂದಿದ್ದೆವು. ಹಣ್ಣಿನ ಅಂಗಡಿಯ ಮುಂದೆ ನಿಂತು ಅವಳು ಕಪ್ಪು ದ್ರಾಕ್ಷಿಯ ಗೊಂಚಲುಗಳನ್ನು ಬೆಳಕಿಗೆ ಎತ್ತಿ ನೋಡಿದಳು. ಒಂದು ಹಣ್ಣನ್ನು ಬಾಯಿಗೆ ಹಾಕಿ, ಸಿಪ್ಪೆಯನ್ನು ಬಹಳ ಹೊತ್ತು ಜಗಿದಳು. ಮತ್ತೆ ಇನ್ನೊಂದು.

"ಬಾಯಮ್ಮ, ತಗೊಳ್ಳುವುದುಂಟಾ? ಅಲ್ಲ, ಇಲ್ಲಿಯೇ ಊಟ ಮುಗಿಸಿ ಹೋಗುವುದಾ?" ಎಂದ ಅಂಗಡಿಯವನು.

"ಸಿಪ್ಪೆ ಹೇಗುಂಟು ನೋಡ್ಬೇಕಲ್ಲ ಮಾರಾಯ. ಆಮೇಲೆ ವೈನಿಗೆ ಬಣ್ಣ ಬರ್ಲಿಲ್ಲ ಅಂದ್ರೆ ನೀನು ಬಂದು ಹಾಕ್ತೀಯಾ?" ಎಂದಳು ಅಕ್ಕ.

ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತ ಮನೆ, ನಮ್ಮ ಹೆಂಗಸರನ್ನು ಇಲ್ಲಿ ಬಾಯಮ್ಮ ಎಂದೇ ಕರೆಯುವುದು. ಕ್ರಿಸ್ಮಸ್ಸಿಗೆ ಮನೆಯಲ್ಲೇ ವೈನ್ ಹಾಕುವುದು ಅಜ್ಜಿಯ ಕಾಲದಿಂದ ಬಂದದ್ದು. ಅಜ್ಜಿಯ ನಂತರ ಆ ಕೆಲಸ ಅಕ್ಕನದಾಯಿತು.

ದೀಪಾವಳಿ ಹತ್ತಿರವಿದ್ದುದರಿಂದ ಬಟ್ಟೆ ಅಂಗಡಿಗಳೂ ತೆರೆದಿದ್ದವು. ಅಲ್ಲಿ ನಾನು ಅಂಗಿಗೆಂದು ಬಿಳಿ ಬಟ್ಟೆಯೊಂದನ್ನು ಎತ್ತಿಕೊಂಡೆ. ಅಕ್ಕ ಅದನ್ನು ನನ್ನ ಕೈಯಿಂದ ತೆಗೆದು ವಾಪಸ್ಸು ಇಟ್ಟಳು.

"ಬಿಳಿ ಹಾಕಿದ್ರೆ ನೀನು ರಜೆಯಲ್ಲಿರುವ ಪಾದ್ರಿಯ ಹಾಗೆ ಕಾಣ್ತೀ. ಯಾರಾದ್ರೂ ಪಾಪ ನಿವೇದನೆಗೆ ಬಂದ್ರೆ ಎಂತ ಮಾಡ್ತೀ?"

ಆಮೇಲೆ ಅಟ್ಟಿಯ ಅಡಿಯಿಂದ ನೇರಳೆ ಹಣ್ಣಿನ ಬಣ್ಣದ ಒಂದು ಬಟ್ಟೆಯನ್ನು ಎಳೆದು ನನ್ನ ಭುಜದ ಮೇಲೆ ಹಾಕಿದಳು. "ಇದು ನಿನ್ನದು" ಎಂದಳು.

ಅವಳ ಮಾತು ಯಾವಾಗಲೂ ಹಾಗೆಯೇ. ಇದು ಒಳ್ಳೆಯದು, ಇದು ಚೆಂದ ಎಂದು ಅವಳು ಹೇಳಿದ್ದು ನನಗೆ ನೆನಪಿಲ್ಲ. ಮಣಿಪಾಲದ ಒಂದು ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು ಅವಳ ಕೆಲಸ. ನಾನು ಪಿಯುಸಿಗೇ ಓದು ಬಿಟ್ಟು ಮಿಕ್ಸಿ, ಫ್ಯಾನ್ ರಿಪೇರಿಯ ಅಂಗಡಿ ಇಟ್ಟವನು. ಸಂಜೆ ಅವಳು ಬಸ್ಸಿಳಿದು ಬಂದು, ನನ್ನ ಅಂಗಡಿಯ ಮೇಜಿನ ಮೇಲೆ, ಬಿಚ್ಚಿಟ್ಟ ಮೋಟರಿನ ಪಕ್ಕ, ಒಂದು ಪುಸ್ತಕ ಇಡುತ್ತಿದ್ದಳು. "ಇದು ನಿನ್ನದು." ಪುಸ್ತಕವನ್ನು ಮೊದಲ ಪುಟದಿಂದ ನೋಡಬಾರದು, ನಡುವೆ ತೆರೆದು ನೋಡಬೇಕು ಎನ್ನುತ್ತಿದ್ದಳು. ಮೊದಲ ಪುಟದಲ್ಲಿ ಎಲ್ಲರೂ ಹಬ್ಬದ ಬಟ್ಟೆ ಹಾಕಿಕೊಂಡಿರುತ್ತಾರಂತೆ. ನಡುವಿನಲ್ಲಿ ಮನೆಬಟ್ಟೆಯಲ್ಲಿ ಸಿಗುತ್ತಾರಂತೆ. ನಾನು ಹಾಗೆಯೇ ಓದಲು ಕಲಿತೆ. ಅವಳು ತಂದದ್ದು ನನಗೆ ಹಿಡಿಸದೆ ಹೋದದ್ದು ಕಡಿಮೆ. ಅಷ್ಟು ಸಾವಿರ ಪುಸ್ತಕಗಳ ನಡುವೆ ಇದೊಂದು ನನ್ನದು ಎಂದು ಅವಳಿಗೆ ಹೇಗೆ ತಿಳಿಯುತ್ತಿತ್ತೋ, ಇಂದಿಗೂ ಯೋಚಿಸಿದರೆ ಕೈಯ ಕೆಲಸ ನಿಂತುಹೋಗುತ್ತದೆ.

ಕೇಳುವುದನ್ನೂ ಅವಳೇ ಕಲಿಸಿದ್ದು. ಕಾಪುವಿನಲ್ಲಿ ದೀಪಸ್ತಂಭದ ಬಂಡೆಯ ಎದುರು ಎಲ್ಲರೂ ಫೋಟೋ ತೆಗೆಯುವಾಗ ಅವಳು ನನ್ನನ್ನು ಬಂಡೆಯ ಹಿಂಬದಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಅಲ್ಲಿಂದ ಸಮುದ್ರ ಕಾಣುವುದಿಲ್ಲ. ಅಲೆ ಬಂಡೆಗೆ ಬಡಿದಾಗ ಬೆನ್ನಿನ ಮೂಲಕ ಅದರ ಸದ್ದು ಎದೆಗೆ ಬರುತ್ತದೆ. ಕಾರ್ಕಳದ ಬೆಟ್ಟದ ಮೇಲಿನ ಕಲ್ಲಿನ ಮೂರ್ತಿಯ ಮುಂದೆ, "ಮುಖ ಆಮೇಲೆ. ಮೊದಲು ಕಾಲ್ಬೆರಳು ನೋಡು. ಗಾಳಿ ಬರುವಾಗ ಕಣ್ಣು ಮುಚ್ಚು" ಎಂದಳು. ಬಿಸಿಲಿಗೆ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು ನಾನು ಕಣ್ಣು ಮುಚ್ಚಿದೆ. ತೆರೆದು ಮೇಲೆ ನೋಡಿದಾಗ ಉಸಿರು ಸಿಕ್ಕಿಕೊಂಡಂತಾಯಿತು. ಅಲ್ಲಿಗೆ ಹೋಗುವವರಿಗೆ ನಾನು ಇಂದಿಗೂ ಹೇಳುವುದು ಅವಳ ಆ ಮಾತನ್ನೇ.

ಆ ಭಾನುವಾರ ಮಧ್ಯಾಹ್ನ ಅವಳು ಭರಣಿ ತುಂಬಿಸಿದಳು. ದ್ರಾಕ್ಷಿಯನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಕೈಯಿಂದ ಹಿಸುಕಿ, ಸಕ್ಕರೆ, ಸ್ವಲ್ಪ ಗೋಧಿ, ಲವಂಗ, ಚೆಕ್ಕೆ ಹಾಕಿ, ಕುದಿಸಿ ಆರಿಸಿದ ನೀರು ಹೊಯ್ದು, ಯೀಸ್ಟ್ ಸೇರಿಸಿದಳು. ಭರಣಿಯ ಬಾಯಿಗೆ ತೆಳ್ಳಗಿನ ಪಂಚೆಯ ತುಂಡು ಕಟ್ಟಿದಳು. "ಬಿಗಿ ಕಟ್ಟಬಾರದು. ಅದಕ್ಕೂ ಉಸಿರುಂಟು" ಎಂದಳು. ದಿನವೂ ಒಣಗಿದ ಮರದ ಸೌಟಿನಿಂದ ಕಲಕಬೇಕು, ಕಿವಿ ಇಟ್ಟು ಕೇಳಬೇಕು, ಒಳಗಿನ ಸದ್ದು ನಿಂತ ಮೇಲೆ ಸೋಸಬೇಕು. ಪ್ರತಿ ವರ್ಷ ಹೇಳುವ ಮಾತು. ಕಲಕುವವಳು ಅವಳೇ ಆದ್ದರಿಂದ ನಾನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ.

ಮರುದಿನ ಬೆಳಿಗ್ಗೆ ಮಣಿಪಾಲದಲ್ಲಿ ಬಸ್ಸಿಳಿದು ನಡೆಯುವಾಗ ಅಕ್ಕ ಕುಸಿದು ಬಿದ್ದಳು. ಮೆದುಳಿನಲ್ಲಿ ರಕ್ತಸ್ರಾವ. ನಾನು ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ಶವ ಮನೆಗೆ ಬರುವ ಮೊದಲು ಪಕ್ಕದ ಮನೆಯ ಆಂಟಿ ಬಂದು ಮನೆ ಅಣಿ ಮಾಡಿದರು. ಸಾವಿನ ಮನೆಯಲ್ಲಿ, ಪಾದ್ರಿಗಳು ಬರುವಾಗ, ವೈನಿನ ಭರಣಿ ಕಾಣಬಾರದು, ವಾಸನೆಯೂ ಬರಬಾರದು ಎಂದು ಅವರಿಗೆ ತೋರಿತು. ಪಂಚೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದೆಸಿ, ನೈಲಾನ್ ಹಗ್ಗದಿಂದ ಬಿಗಿಯಾಗಿ ಸುತ್ತಿ, ಮೇಲೆ ಅಕ್ಕಿ ಅಳೆಯುವ ಹಿತ್ತಾಳೆಯ ಸೇರು ಕವುಚಿ, ಭರಣಿಯನ್ನು ಒಳಕೋಣೆಯ ಮೂಲೆಗೆ ಸರಿಸಿದರು. ಅಮ್ಮನಿಗೂ ನನಗೂ ಅದು ಗೊತ್ತಿರಲಿಲ್ಲ. ಭರಣಿಯ ನೆನಪೇ ನಮಗಿರಲಿಲ್ಲ.

ದಿನವೂ ಸಂಜೆ ನೆರೆಯವರು ಬಂದು ಜಪಸರ ಹಿಡಿದು ಪ್ರಾರ್ಥನೆ ಹೇಳುತ್ತಿದ್ದರು. ಅಮ್ಮ ಗೋಡೆಗೆ ಒರಗಿ ಕೂರುತ್ತಿದ್ದರು. ಮಣ್ಣು ಮಾಡಿ ಬಂದಂದಿನಿಂದ ಅವರ ಬಾಯಿಂದ ಪ್ರಾರ್ಥನೆಯೂ ಹೊರಟಿರಲಿಲ್ಲ, ಮಾತೂ ಹೊರಟಿರಲಿಲ್ಲ. ಏಳನೆಯ ದಿನದ ಚರ್ಚಿನ ಪೂಜೆಯ ಹಿಂದಿನ ಸಂಜೆ, ಎಲ್ಲರೂ ಮೊಣಕಾಲೂರಿದ್ದಾಗ, ಒಳಕೋಣೆಯಿಂದ ಡಬ್ ಎಂದು ಸದ್ದು ಬಂತು. ಹಿಂದೆಯೇ ಸೇರು ನೆಲಕ್ಕೆ ಬಿದ್ದು ಗಿರಗಿರನೆ ತಿರುಗಿತು. ಪ್ರಾರ್ಥನೆ ನಿಂತಿತು. ಮಕ್ಕಳು ತಾಯಂದಿರನ್ನು ಹಿಡಿದುಕೊಂಡರು. ಆಮೇಲೆ ಲವಂಗ ಮತ್ತು ದ್ರಾಕ್ಷಿಯ ಪರಿಮಳ ಮೆಲ್ಲಗೆ ಚಾವಡಿಗೆ ಬಂತು. ನನ್ನ ಮೈಯ ರೋಮ ಎದ್ದಿತ್ತು.

"ಅಯ್ಯೋ ದೇವರೇ, ನಾನು ಕಟ್ಟಿದ್ದು!" ಎಂದರು ಆಂಟಿ.

ಆಗ ಅಮ್ಮ ಬಾಯಿ ತೆರೆದರು. "ಅವಳನ್ನು ಕಟ್ಟಿ ಇಡ್ಲಿಕ್ಕೆ ಆಗ್ತದಾ? ಹುಟ್ಟಿದಾಗಿನಿಂದ ಸುಮ್ಮನೆ ಕೂತವಳಲ್ಲ."

ಯಾರೋ ಹಿಂದಿನಿಂದ ನಕ್ಕರು. ನಂತರ ಎಲ್ಲರೂ ನಕ್ಕರು. ನಗುತ್ತಲೇ ಅಮ್ಮ ಅಳತೊಡಗಿದರು.

ಒಳಗೆ ಹೋಗಿ ನೋಡಿದೆ. ಪ್ಲಾಸ್ಟಿಕ್ ಹರಿದಿತ್ತು. ದ್ರಾಕ್ಷಿ ಉಕ್ಕಿ ಭರಣಿಯ ಕೊರಳಿನಿಂದ ಕೆಂಪಾಗಿ ಇಳಿಯುತ್ತಿತ್ತು. ನೆಲ ಒರೆಸಲು ಬಂದ ಆಂಟಿ, "ಈ ವರ್ಷ ನಿಮಗೆ ಹಬ್ಬ ಇಲ್ಲವಲ್ಲ, ಚೆಲ್ಲಿಬಿಡುವಾ ಅಲ್ವಾ?" ಎಂದು ಕೇಳಿದರು. ಬಾಗಿಲಲ್ಲಿ ನಿಂತ ಅಮ್ಮ ನನ್ನನ್ನು ನೋಡಿ, "ಕಲಕು" ಎಂದರು.

ಅಂದಿನಿಂದ ದಿನವೂ ಅಂಗಡಿಗೆ ಹೊರಡುವ ಮೊದಲು ಕಲಕಿದೆ. ಕಲಕಿದ ಮೇಲೆ ಭರಣಿಗೆ ಕಿವಿ ಇಟ್ಟೆ. ಮೊದಲ ದಿನ ಕೇಳಿದ್ದನ್ನು ಹೇಗೆ ಹೇಳುವುದೋ ತಿಳಿಯದು. ಒದ್ದೆ ಮರಳಿನೊಳಗೆ ಅಲೆಯ ನೀರು ಇಳಿಯುವಾಗ ಬರುವಂಥ ಸಣ್ಣ ಸದ್ದು, ಬಿಡದೆ, ಭರಣಿಯ ತುಂಬ. ಅಕ್ಕನ ಕೈ ಹಿಸುಕಿದ ಹಣ್ಣು. ಅವಳ ಕೈ ಮಣ್ಣಿನಲ್ಲಿತ್ತು, ಅದು ಶುರು ಮಾಡಿದ ಕೆಲಸ ಇಲ್ಲಿ ನಡೆಯುತ್ತಲೇ ಇತ್ತು. ನಾನು ಚರ್ಚಿನಲ್ಲಿಯೂ ಹಾಗೆ ತಲೆಬಾಗಿದವನಲ್ಲ.

ದಿನ ಹೋದಂತೆ ಸದ್ದು ತೆಳ್ಳಗಾಯಿತು. ಒಂದು ಬೆಳಿಗ್ಗೆ ಏನೂ ಕೇಳಲಿಲ್ಲ. ಇನ್ನೊಂದು ಕಿವಿ ಇಟ್ಟೆ. ಇಲ್ಲ. ಇನ್ನು ಸೋಸಬೇಕಿತ್ತು. ನನ್ನಿಂದ ಆಗಲಿಲ್ಲ. ಸೋಸಿದರೆ ಅವಳ ಕೈಯ ಕೆಲಸ ಮುಗಿದಂತೆ. ಕ್ರಿಸ್ಮಸ್ಸಿನ ಹಿಂದಿನ ದಿನದವರೆಗೂ ಭರಣಿ ಹಾಗೆಯೇ ಇತ್ತು.

"ಎಂತ ಕಾಯ್ತಾ ಇದ್ದೀ? ಹುಳಿಯಾಗಿ ವಿನೆಗರ್ ಆದ್ರೆ ಅವಳು ನಿನ್ನನ್ನು ಬಿಡುವುದಿಲ್ಲ" ಎಂದರು ಅಮ್ಮ.

ಅಕ್ಕ ಆರಿಸಿದ ಬಟ್ಟೆಯಿಂದ ದರ್ಜಿ ಹೊಲಿದು ಕೊಟ್ಟಿದ್ದ ನೇರಳೆ ಬಣ್ಣದ ಅಂಗಿ ಹಾಕಿಕೊಂಡು, ಹಳೆಯ ಪಂಚೆಯಲ್ಲಿ ಸೋಸಿದೆ. ಸೋಸುವಾಗ ಹನಿ ಸಿಡಿದು ಅಂಗಿಗೆ ಬಿತ್ತು. ಕಲೆ ಕಾಣಲೇ ಇಲ್ಲ. ಅವಳು ಆ ಬಣ್ಣವನ್ನು ಅದಕ್ಕೇ ಆರಿಸಿದ್ದಳೋ ಏನೋ. ಕೇಳುವುದು ಯಾರನ್ನು?

ದುಃಖದ ಮನೆಯಲ್ಲಿ ಹಬ್ಬದ ತಿಂಡಿ ಮಾಡುವ ಪದ್ಧತಿ ಇಲ್ಲ. ನೆರೆಯವರು ತಂದುಕೊಟ್ಟ ತಿಂಡಿಯ ತಟ್ಟೆಗಳನ್ನು ಅಮ್ಮ ಬರಿದಾಗಿ ಹಿಂದಿರುಗಿಸಲಿಲ್ಲ, ಒಂದೊಂದು ಸಣ್ಣ ಲೋಟ ವೈನ್ ಇಟ್ಟು ಕಳಿಸಿದರು. ಆಂಟಿ ನಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕುಡಿದು, ಕಣ್ಣೊರೆಸಿಕೊಂಡು, "ಪ್ರತಿ ವರ್ಷದ ಹಾಗೆಯೇ ಉಂಟು" ಎಂದರು.

ನಾನೂ ಕುಡಿದೆ. ಮೊದಲು ಲವಂಗ, ಆಮೇಲೆ ಸಿಪ್ಪೆಯ ಸಣ್ಣ ಒಗರು. ಬಹಳ ಹೊತ್ತು ಬಾಯಲ್ಲಿ ಇಟ್ಟುಕೊಂಡೆ. ಸರಿಯಾಗಿದೆ ಎನಿಸಿತು, ತುಸು ಹುಳಿಯಾಗಿದೆಯೇನೋ ಎಂದೂ ಎನಿಸಿತು. ಎಲ್ಲರೂ ಚೆನ್ನಾಗಿದೆ ಎಂದರು. ಅಕ್ಕ ಏನು ಹೇಳುತ್ತಿದ್ದಳೋ, ಅದು ಮಾತ್ರ ಗೊತ್ತಿಲ್ಲ.