ಗ್ರಾಮಕ್ಕನ ಊಟ

ಶಾಲಾ ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಒಂದು ಗಂಟೆಗೆ ಹನ್ನೆರಡು ಯಂತ್ರಗಳೂ ಒಟ್ಟಿಗೆ ನಿಲ್ಲುತ್ತಿದ್ದವು. ಹೆಂಗಸರು ಕಟಿಂಗ್ ಮೇಜಿನ ಮೇಲೆ ಹಳೇ ಪೇಪರು ಹಾಸಿ, ಡಬ್ಬಿ ಬಿಚ್ಚಿ, ಒಬ್ಬರದನ್ನೊಬ್ಬರು ಕಿತ್ತುಕೊಂಡು ತಿನ್ನುತ್ತಿದ್ದರು. ದಿನವಿಡೀ ಅದೇ ಮೇಜಿನ ಮೇಲೆ ಬಟ್ಟೆ ಹರಡಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಕತ್ತರಿಸುವವಳು ಮಾತ್ರ ತನ್ನ ಡಬ್ಬಿ ಹಿಡಿದು ಹಿಂಬಾಗಿಲ ಮೆಟ್ಟಿಲಿಗೆ ಹೋಗಿಬಿಡುತ್ತಿದ್ದಳು.

ಅವಳ ಡಬ್ಬಿಯ ಮುಚ್ಚಳದ ಮೇಲೆ ದಿನವೂ ಒಂದು ಚೀಟಿ: ಅನ್ನ ಎಂಬತ್ತು ಗ್ರಾಂ, ಆಲೂಗಡ್ಡೆ ಐವತ್ತು ಗ್ರಾಂ, ಕ್ಯಾರೆಟ್ ಅರವತ್ತು ಗ್ರಾಂ. ಅದನ್ನು ಯಾರೋ ಓದಿ 'ಗ್ರಾಮಕ್ಕ' ಅಂದರು. ಇನ್ಯಾರೋ "ಯಾವ ಗ್ರಾಮ ಅಕ್ಕ ನಿಮ್ಮದು?" ಅಂದರು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಹದಿನೈದು ವರ್ಷದಲ್ಲಿ ಅವಳ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುವಂತಾಯಿತು.

ಅವಳಿಗೊಬ್ಬ ಅಣ್ಣ, ನಾಲ್ಕು ವರ್ಷ ದೊಡ್ಡವನು. ಹುಟ್ಟಿದಾಗ ನೋಡಿದವರು ದೃಷ್ಟಿಯಾದೀತು ಅನ್ನುವಷ್ಟು ಮುದ್ದಾಗಿದ್ದನಂತೆ. ವರ್ಷ ತುಂಬಿದರೂ ಕೂರಲಿಲ್ಲ, ಮೂರಾದರೂ ಅಮ್ಮ ಅನ್ನಲಿಲ್ಲ. ಅವನ ಬಟ್ಟೆಯಿಂದ ಎಷ್ಟು ಒಗೆದರೂ ಹೋಗದ ಮುಗ್ಗಲು ವಾಸನೆ. ಅಮ್ಮ ಇವಳನ್ನು ಹೆರಲು ಆಸ್ಪತ್ರೆಗೆ ಹೋದಾಗ ಅಣ್ಣನನ್ನು ಕಂಡ ಮಕ್ಕಳ ಡಾಕ್ಟರೊಬ್ಬರು ಆ ವಾಸನೆಯನ್ನು ಹಿಡಿದೇ ಕಾಯಿಲೆ ಗುರುತಿಸಿದರು. ಅವನ ರಕ್ತ ಪರೀಕ್ಷೆಗೆ ಹೋಯಿತು. ಮೂರು ದಿನದ ಕೂಸಾಗಿದ್ದ ಇವಳ ಹಿಮ್ಮಡಿಯನ್ನೂ ಚುಚ್ಚಿ ನಾಲ್ಕು ಹನಿ ತೆಗೆದರು. ಇಬ್ಬರದೂ ಒಂದೇ ಉತ್ತರ ಬಂತು.

ಡಾಕ್ಟರು ಅಮ್ಮನನ್ನು ಕೂರಿಸಿಕೊಂಡು ಹೇಳಿದರು: "ನೋಡಿಯಮ್ಮ, ಬೇಳೆ, ಹಾಲು, ಮೊಟ್ಟೆ, ಮಾಂಸ, ಇವುಗಳಲ್ಲಿರೋ ಪ್ರೋಟೀನು ಹೊಟ್ಟೆಗೆ ಹೋದ ಮೇಲೆ ಒಡೆದು ಅಮೈನೋ ಆಮ್ಲ ಆಗತ್ತೆ. ಇಪ್ಪತ್ತು ಥರ ಇವೆ. ಮೈ ಬೆಳೆಯೋದು, ಗಾಯ ಮಾಯೋದು, ಎಲ್ಲಾ ಅವುಗಳಿಂದಲೇ. ಅದರಲ್ಲಿ ಫಿನೈಲ್‌ಅಲನಿನ್ ಅಂತ ಒಂದಿದೆ. ಅದನ್ನ ಮಾರ್ಪಡಿಸೋ ಶಕ್ತಿ ನಿಮ್ಮ ಮಕ್ಕಳ ಮೈಯಲ್ಲಿ ಹುಟ್ಟಿನಿಂದಲೇ ಇಲ್ಲ. ಅದು ರಕ್ತದಲ್ಲಿ ಹಾಗೇ ಸೇರ್ತಾ ಹೋಗಿ ಮೆದುಳನ್ನ ಕೆಡಿಸತ್ತೆ."

"ಹಾಗಾದ್ರೆ ಅದನ್ನ ಕೊಡೋದೇ ಬೇಡ ಬಿಡಿ."

"ಅದೇ ಕಷ್ಟ. ಪೂರ್ತಿ ಬಿಟ್ರೂ ಮಗು ಬೆಳೆಯಲ್ಲ. ಅದು ಊಟದಿಂದಲೇ ಬರಬೇಕಾದ್ದು, ಮೈ ತಾನಾಗಿ ಮಾಡಿಕೊಳ್ಳಲ್ಲ. ತೂಕ ಮಾಡಿ ಸ್ವಲ್ಪವೇ ಸ್ವಲ್ಪ ಕೊಡಬೇಕು. ಮಿಕ್ಕ ಅಮೈನೋ ಆಮ್ಲಕ್ಕೆಲ್ಲ ಒಂದು ಪುಡಿ ಬರತ್ತೆ, ನೀರಲ್ಲಿ ಕಲಸಿ ಕುಡಿಸಿ. ಮಗಳು ಎಲ್ಲರ ಹಾಗೇ ಬೆಳೀತಾಳೆ."

"ಮಗ?"

ಡಾಕ್ಟರು ಮಗಳ ಹೆಸರಿಗೆ ಮಾತ್ರ ಪುಡಿಯ ಚೀಟಿ ಬರೆದುಕೊಟ್ಟರು.

ಅಪ್ಪ ಬೇಗ ತೀರಿಕೊಂಡರು. ಅಣ್ಣ ಅಮ್ಮನ ಕೈಮೀರಿದ. ಕಿರುಚುವುದು, ತನ್ನ ಮುಂಗೈಯನ್ನೇ ಕಚ್ಚಿಕೊಳ್ಳುವುದು. ಹದಿನಾರಕ್ಕೆ ಅವನನ್ನು ಆಶ್ರಮಕ್ಕೆ ಸೇರಿಸಿ ಬಂದ ಅಮ್ಮ ಮಗಳ ಊಟವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದರು. ಒಂದು ಚಮಚ ಬೇಳೆಯನ್ನೂ ತಕ್ಕಡಿಗೆ ಹಾಕದೆ ತಟ್ಟೆಗೆ ಬಡಿಸಲಿಲ್ಲ. ಯಾರ ಮನೆಗೆ ಹೋದರೂ ಮಗಳ ಡಬ್ಬಿ ಜೊತೆಗೇ ಬರುತ್ತಿತ್ತು. ಗೆಳತಿಯರು ಕೇಕು ತಿನ್ನುವಾಗ ಅವಳು ಪಕ್ಕದಲ್ಲಿ ಕೂತು ಬಾಳೆಹಣ್ಣು ಸುಲಿಯುತ್ತಿದ್ದಳು. ದೊಡ್ಡವಳಾದ ಮೇಲೆ ಒಂದು ಸಂಬಂಧ ಬಂತು. ಊಟದ ವಿಷಯ ಕೇಳಿ ಹುಡುಗನ ತಾಯಿ, "ದಿನಾ ತೂಕ ಹಾಕಿ ಬಡಿಸೋಕೆ ನಮ್ಮದೇನು ದಿನಸಿ ಅಂಗಡಿಯೇ?" ಅಂದು ಎದ್ದರು. ಇನ್ನೊಂದು ಬರಲಿಲ್ಲ.

ಅವಳ ನಲವತ್ತನೆಯ ವರ್ಷದಲ್ಲಿ ಅಮ್ಮ ಹೋದರು. ಆಮೇಲೆ ಎರಡು ಕೋಣೆಯ ಆ ಮನೆಯಲ್ಲಿ ಒಬ್ಬಳಿಗಾಗಿ ಎಂಬತ್ತು ಗ್ರಾಂ ಅನ್ನ ತೂಗುವಾಗ ಅವಳಿಗೆ ಇದ್ದಕ್ಕಿದ್ದಂತೆ ಕೈ ಸೋಲುತ್ತಿತ್ತು. ತಿನ್ನಲು ಬೇಸರವೇನಿರಲಿಲ್ಲ. "ಸಾಕಾ ಪುಟ್ಟಿ?" ಎಂದು ಕೇಳುವವರೇ ಇರಲಿಲ್ಲ.

ಕಾರ್ಖಾನೆಯಲ್ಲಿ ಗುಂಡಿತೂತುಗಳಿಗೆ ಕಾಜಾ ಹೊಲಿಯುವ ಹೆಂಗಸೊಬ್ಬಳಿದ್ದಳು. ಬಾಯಿ ಜೋರು, ಕರುಳು ಮೆತ್ತಗೆ. ಅವಳು ಒಂದು ದಿನ ಮೆಟ್ಟಿಲಿಗೇ ಬಂದಳು.

"ನಲವತ್ತಾಯ್ತಲ್ಲೇ! ಮೆದುಳು ಬೆಳೆಯೋದೆಲ್ಲ ಬೆಳೆದಾಯ್ತು. ಇನ್ನೇನು ಕೆಡತ್ತೆ? ಬಾ, ಒಂದು ಮೊಟ್ಟೆ ತಿನ್ನು. ಏನಾದ್ರೂ ಆದ್ರೆ ನನ್ನನ್ನ ಕೇಳು."

ಗ್ರಾಮಕ್ಕ ಹೋದಳು. ಜೀವಮಾನದಲ್ಲಿ ಮೊದಲ ಸಲ ಮೊಟ್ಟೆ ತಿಂದಳು. ಏನೂ ಆಗಲಿಲ್ಲ. ಮರುದಿನವೂ ತಿಂದಳು. ವಾರ ಕಳೆಯುವಷ್ಟರಲ್ಲಿ ಬೇಳೆ, ಮೊಸರು, ಮೀನು, ಯಾರ ಡಬ್ಬಿಯಲ್ಲಿ ಏನಿದ್ದರೂ ಅವಳಿಗೊಂದು ಪಾಲು. ರಟ್ಟು ನೆನೆಸಿದ ವಾಸನೆಯ ಆ ಪುಡಿಯ ಡಬ್ಬವನ್ನು ಅಟ್ಟಕ್ಕೆ ಎಸೆದಳು. ತಿಂಗಳ ರಕ್ತ ಪರೀಕ್ಷೆಗೂ ಹೋಗಲಿಲ್ಲ. ಮೊಣಕೈಗೆ ಮೊಣಕೈ ತಾಗುವಂತೆ ಕೂತು, ಗಂಡಂದಿರ ಬೈಗುಳ ಕೇಳುತ್ತಾ ಉಂಡ ಆ ಮೂರು ತಿಂಗಳು ಅವಳು ಮನೆಗೆ ಗುನುಗುತ್ತಾ ಹೋದಳು.

ನಾಲ್ಕನೆಯ ತಿಂಗಳು ಕತ್ತರಿ ಹಿಡಿದ ಕೈ ಸಣ್ಣಗೆ ನಡುಗತೊಡಗಿತು. ಅಳತೆ ಬರೆದುಕೊಂಡು ಮೇಜಿಗೆ ಬರುವಷ್ಟರಲ್ಲಿ ಮರೆಯುತ್ತಿತ್ತು. ತಲೆಯೊಳಗೆ ಹತ್ತಿ ತುಂಬಿದ ಹಾಗೆ. ಸುಮ್ಮಸುಮ್ಮನೆ ಅಳು, ಅದಕ್ಕೂ ಮೊದಲು ಸಿಟ್ಟು. ಒಂದು ದಿನ ತೋಳಿನ ನಮೂನೆಯನ್ನು ಮಗುಚಿ ಇಡಲು ಮರೆತಳು. ಅರವತ್ತು ಅಂಗಿಗೆ ನೂರಿಪ್ಪತ್ತು ತೋಳು ಕತ್ತರಿಸಿದಳು, ಎಲ್ಲವೂ ಎಡಗೈಯವು. ಕಾಜಾದವಳು ವಾತಾವರಣ ತಿಳಿಮಾಡಲು, "ಈ ಸಲ ಎಡಚರ ಶಾಲೆಯ ಆರ್ಡರೇನೇ?" ಅಂದಳು. ಗ್ರಾಮಕ್ಕ ಇಂಚುಪಟ್ಟಿಯನ್ನು ಅವಳ ಮುಖಕ್ಕೆ ಬೀಸಿ ಒಗೆದಳು. ಯಂತ್ರಗಳೆಲ್ಲ ನಿಂತವು.

"ಹದಿನೈದು ದಿನ ಮನೇಲಿರಿ," ಎಂದರು ಯಜಮಾನರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಐದು ದಿನ ಬಾಗಿಲು ಹಾಕಿಕೊಂಡೇ ಇದ್ದಳು. ಆರನೆಯ ದಿನ ಭಾನುವಾರ. ಬೇರೆಲ್ಲಿಗೂ ಹೋಗಲು ತೋಚದೆ ಅಣ್ಣನ ಆಶ್ರಮಕ್ಕೆ ಹೋದಳು. ಅಮ್ಮ ಹೋದ ಮೇಲೆ ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಅಣ್ಣ ಕಿಟಕಿಯ ಬಳಿ ಕುರ್ಚಿಯಲ್ಲಿದ್ದ. ತಲೆ ಅರ್ಧ ನರೆತಿತ್ತು. ಕಿರುಚುತ್ತಿರಲಿಲ್ಲ. ಮುಂಗೈಯಲ್ಲಿ ಹಳೆಯ ಕಲೆಗಳಿದ್ದವು, ಹೊಸ ಗಾಯವಿರಲಿಲ್ಲ. ಅವನನ್ನು ನೋಡಿಕೊಳ್ಳುವ ಹೆಂಗಸು ಒಂದು ಲೋಟ ತಂದಳು. ಅದೇ ಪುಡಿಯ ವಾಸನೆ. ಅಣ್ಣ ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದು ಲೋಟ ವಾಪಸು ಕೊಟ್ಟ.

"ಇದನ್ನ ಯಾವಾಗಿಂದ ಕೊಡ್ತಿದ್ದೀರಿ?"

"ಒಂದು ವರ್ಷ ಆಯ್ತಮ್ಮ. ಹೊಸ ಡಾಕ್ಟರು ಬಂದು ಶುರು ಮಾಡಿಸಿದ್ರು. ಕಳಕೊಂಡಿದ್ದು ವಾಪಸ್ ಬರಲ್ಲ, ಆದರೆ ಸಂಕಟ ಕಮ್ಮಿ ಆಗಬಹುದು ಅಂದ್ರು. ನಿಜಾನೇ ಆಯ್ತು. ಈಗ ಕಚ್ಚಿಕೊಳ್ಳೋದು ಅಪರೂಪ. ಹೋದ ತಿಂಗಳು ಒಂದು ಸಲ ನಕ್ಕರು ಕೂಡ."

ಗ್ರಾಮಕ್ಕ ತನ್ನ ನಡುಗುವ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದಳು. ನಲವತ್ತಕ್ಕೂ ಹೆಚ್ಚು ವರ್ಷ ಸುಟ್ಟುಹೋದವನು ಉಳಿದದ್ದನ್ನು ಉಳಿಸಿಕೊಳ್ಳುತ್ತಿದ್ದ. ಎಲ್ಲ ಉಳಿದಿದ್ದ ತಾನು ಅದನ್ನು ಅಟ್ಟಕ್ಕೆ ಎಸೆದು ಬಂದಿದ್ದಳು.

ಮರುದಿನ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟಳು. ಫಿನೈಲ್‌ಅಲನಿನ್ ಇರಬೇಕಾದ ಮಟ್ಟಕ್ಕಿಂತ ನಾಲ್ಕು ಪಟ್ಟು ಹೆಚ್ಚಿತ್ತು. "ದೊಡ್ಡವರಾದ ಮೇಲೆ ಪಥ್ಯ ಬೇಡ ಅಂತ ಹಿಂದೆ ಡಾಕ್ಟರುಗಳೇ ಹೇಳ್ತಿದ್ರು. ಈಗ ಗೊತ್ತಾಗಿದೆ, ಜೀವ ಇರೋವರೆಗೂ ಬಿಡೋ ಹಾಗಿಲ್ಲ," ಎಂದರು ಆಹಾರ ತಜ್ಞೆ. ಅವಳು ಅಟ್ಟದಿಂದ ಪುಡಿಯ ಡಬ್ಬ ಇಳಿಸಿದಳು, ಯಜಮಾನರು ರಜೆ ಮುಂದುವರಿಸಿದರು, ಒಂದೂವರೆ ತಿಂಗಳಿಗೆ ಕೈಯ ನಡುಕ ನಿಂತಿತು. ಕೆಲಸಕ್ಕೆ ಮರಳಿದ ದಿನವೇ ಕಾಜಾದವಳ ಮುಂದೆ ನಿಂತು ಎಲ್ಲ ಹೇಳಿದಳು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, "ನನ್ನನ್ನ ಕೇಳು ಅಂದಿದ್ದೆನಲ್ಲ, ಯಾಕೆ ಕೇಳಲಿಲ್ಲ?" ಎಂದು ಬೈದಳು. ಮೇಜಿನ ತುದಿಯಲ್ಲಿ ಜಾಗವನ್ನೂ ಮಾಡಿಕೊಟ್ಟಳು. ಆದರೆ ಡಬ್ಬಿಗಳು ಕೈಯಿಂದ ಕೈಗೆ ಹೋಗುವಾಗ ಗ್ರಾಮಕ್ಕನ ಬಳಿ ಬಂದೊಡನೆ ಎಲ್ಲರ ಮಾತು ತಗ್ಗುತ್ತಿತ್ತು. ವಾರದ ನಂತರ ಅವಳು ತಾನಾಗಿಯೇ ಮೆಟ್ಟಿಲಿಗೆ ಮರಳಿದಳು.

ಭಾನುವಾರಗಳಂದು ಮಾತ್ರ ಆಶ್ರಮದಲ್ಲಿ ಊಟ. ಅನ್ನ, ಆಲೂಗಡ್ಡೆ, ಕ್ಯಾರೆಟ್, ಇಬ್ಬರಿಗೂ ತೂಕ ಹಾಕಿದ ತಟ್ಟೆ. ಅಣ್ಣನಿಗೆ ಅವಳು ಯಾರೆಂದು ಗೊತ್ತಿತ್ತೋ ಇಲ್ಲವೋ. ಅವಳು ಕೇಳಲೂ ಇಲ್ಲ, ಅವನು ಹೇಳುವಂತೆಯೂ ಇರಲಿಲ್ಲ. ಒಂದು ಸಲ ಅವನು ತನ್ನ ತಟ್ಟೆಯಿಂದ ಆಲೂಗಡ್ಡೆಯ ಹೋಳೊಂದನ್ನು ಎತ್ತಿ ಅವಳ ತಟ್ಟೆಗೆ ಹಾಕಿದ. ನೋಡಿಕೊಳ್ಳುವವಳು, "ಅಯ್ಯೋ, ಲೆಕ್ಕ ತಪ್ಪತ್ತೆ!" ಎಂದು ಓಡಿ ಬಂದಳು.

"ಇರಲಿ ಬಿಡಿ," ಎಂದಳು ತಂಗಿ. ತನ್ನದರಿಂದ ಅಷ್ಟೇ ದೊಡ್ಡ ಹೋಳನ್ನು ಆರಿಸಿ ಅವನ ತಟ್ಟೆಗಿಟ್ಟು, ಅವನು ಕೊಟ್ಟದ್ದನ್ನು ನಿಧಾನವಾಗಿ ತಿಂದಳು.