ಬಾಗಿಲ ಹಿಂದಿನ ಬಳೆ

ದೊಡ್ಡಮ್ಮನ ಮಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹುನಗುಂದದ ತನ್ನ ಮನೆಯಿಂದಲೇ ಸೀರೆ ಮಾರುವ ಆ ಅಕ್ಕನಿಗೆ ಇಳಕಲ್ಲಿನ ಕೈಮಗ್ಗದ ಮಾಲು ಸಿಗುತ್ತಿತ್ತು. ನನಗೆ ಸಿಗುತ್ತಿರಲಿಲ್ಲ.

ವಿದ್ಯಾಗಿರಿಯಲ್ಲಿ ಎಂ.ಕಾಂ. ಮುಗಿಸಿ ನವನಗರದಲ್ಲಿ ಸೀರೆ ಅಂಗಡಿ ತೆರೆದಾಗ ಮಳಿಗೆಯ ಮಾಲೀಕರು ಅಪ್ಪನ ಸಹಿಯನ್ನೂ ಕೇಳಿದ್ದರು. ಅಂಥ ಅಪನಂಬಿಕೆಗೆ ನಾನು ಸಿದ್ಧಳಾಗಿದ್ದೆ. ಮುಂದೆ ಇಳಕಲ್ಲಿನಲ್ಲಿ ಸಿಗಲಿದ್ದ ಮರ್ಯಾದೆಗೆ ಸಿದ್ಧಳಾಗಿರಲಿಲ್ಲ. ನನ್ನಲ್ಲಿದ್ದ ಪವರ್‌ಲೂಮ್ ಸೀರೆಗಳ ಸೆರಗು ಮುಟ್ಟಿ ನೋಡಿ ಹೆಂಗಸರು ಹೊರಟುಬಿಡುತ್ತಿದ್ದರು. ದೀಪಾವಳಿಯೊಳಗೆ ಕೈಮಗ್ಗದ ಸೀರೆ ಬರದಿದ್ದರೆ ಅಂಗಡಿ ಮುಚ್ಚಬೇಕಿತ್ತು.

ಇಳಕಲ್ಲಿನ ಹಿರಿಯ ನೇಕಾರರೊಬ್ಬರ ಮನೆಗೆ ಹೋದೆ.

"ಹೊರಗ್ಯಾಕ ನಿಂತಿಯವ್ವಾ? ಒಳಗ ಬಾ," ಎಂದು ಅವರ ಹೆಂಡತಿ ಕೈಹಿಡಿದು ಕರೆದೊಯ್ದರು. ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಗುಳೇದಗುಡ್ಡದ ರವಿಕೆ ಖಣ ಹಾಕಿ ಉಡಿ ತುಂಬಿದರು. ಉಡಿ ತುಂಬಿಸಿಕೊಂಡವಳು ಮನೆಮಗಳು. ಮನೆಮಗಳು ದರ ಕೇಳುವುದು ಹೇಗೆ? ಆದರೂ ಕೇಳಿದೆ.

ನೇಕಾರರು ನಕ್ಕರು. "ಆ ಮಾತು ನಿನಗ್ಯಾಕವ್ವಾ? ಮನ್ಯಾಗಿನ ಗಂಡಸರನ್ನ ಕಳಸು, ಆಡೂಣು."

ಮರಳುವಾಗ ಅಕ್ಕನ ಮನೆಗೆ ಹೋದೆ. ಚೀಲದಲ್ಲಿದ್ದ ಖಣ ನೋಡಿದ್ದೇ ಅವಳು ಬಿದ್ದು ಬಿದ್ದು ನಕ್ಕಳು. "ನಿನಗೂ ಉಡಿ ತುಂಬಿ ಕಳಿಸಿದ್ರ? ನನ್ನ ಟ್ರಂಕಿನ್ಯಾಗ ಖಣದ ಅಂಗಡೀನ ಐತಿ!"

ಅವಳ ಉಪಾಯ ಸರಳ. ಗಂಡನನ್ನು ನೇಕಾರರ ಮನೆಯ ಪಡಸಾಲೆಯಲ್ಲಿ ಕೂರಿಸಿ, ತಾನು ಬಾಗಿಲ ಹಿಂದೆ ಕೂರುವುದು. ಬಳೆ ಸಪ್ಪಳವಾದರೆ ಅವನು ಹೂಂ ಅನ್ನಬೇಕು, ಕೆಮ್ಮಿದರೆ ಊಹೂಂ.

"ನಮ್ಮ ಮನಿಯವರನ್ನ ಕಡಾ ಒಯ್ಯಿ. ಎರಡು ಸಲ ಚಾ ಕುಡಿಸು, ಸಾಕು."

"ನಾ ಏನು ಬಾಡಿಗಿ ಎತ್ತೇನು?" ಎಂದರು ಹೊರಗಿದ್ದ ಭಾವ.

"ಎತ್ತಿಗಾದ್ರೂ ಸೀರಿ ದಡಿ ಯಾವುದು, ಸೆರಗ್ಯಾವುದು ತಿಳೀತಿತ್ತು!"

ಮುಂದಿನ ವಾರ ಭಾವನೊಂದಿಗೆ ಅದೇ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ, ನಾನು ಬಾಗಿಲ ಹಿಂದೆ, ನೇಕಾರರ ಹೆಂಡತಿಯ ಪಕ್ಕದಲ್ಲಿ. ಮೊದಲ ದರಕ್ಕೆ ಕೆಮ್ಮಿದೆ. ಭಾವ ಊಹೂಂ ಅಂದರು. ಎರಡನೆಯದಕ್ಕೂ ಕೆಮ್ಮಿದೆ. ಮೂರನೆಯ ದರ ನನಗೆ ಒಪ್ಪಿಗೆಯಾಯಿತು. ಕೈ ಅಲ್ಲಾಡಿಸಿದೆ. ಸಪ್ಪಳವಾಗಲಿಲ್ಲ. ನನ್ನ ಕೈಯಲ್ಲಿದ್ದದ್ದು ಗಡಿಯಾರ ಮಾತ್ರ. ನಾನು ಬಳೆ ತೊಡುವವಳಲ್ಲ.

ಹೊರಗೆ ಭಾವ ಕಾಯುತ್ತಿದ್ದರು. "ಬ್ಯಾಡಂದ್ರ ಬಿಡ್ರಿ," ಎಂದು ನೇಕಾರರು ಸೀರೆ ಮಡಚತೊಡಗಿದ್ದು ಬಾಗಿಲ ಸಂದಿಯಿಂದ ಕಾಣುತ್ತಿತ್ತು.

ಪಕ್ಕದಲ್ಲಿದ್ದ ಆಕೆ ನನ್ನ ಬರಿಗೈ ನೋಡಿದರು. ಮುಖದಲ್ಲಿ ಏನನ್ನೂ ತೋರದೆ, ಸೆರಗು ಸರಿಪಡಿಸುವವರಂತೆ ತಮ್ಮ ಹಸಿರು ಬಳೆಗಳನ್ನು ಝಲ್ಲೆನಿಸಿದರು.

"ಹೂಂ," ಎಂದರು ಭಾವ.

ಹೊರಡುವಾಗ ಆಕೆ ಮತ್ತೆ ಉಡಿ ತುಂಬಿದರು. ಇಷ್ಟು ವರ್ಷ ಅವರು ಯಾರ್ಯಾರಿಗಾಗಿ ಬಳೆ ಆಡಿಸಿದ್ದಾರೋ ಕೇಳಬೇಕೆನಿಸಿತು.

ದೀಪಾವಳಿಗೆ ಮಾಲು ಬಂತು, ಅಂಗಡಿ ಉಳಿಯಿತು. ಇಳಕಲ್ಲಿನವರು ಇವತ್ತಿಗೂ ಅದನ್ನು ಭಾವನ ಅಂಗಡಿ ಎನ್ನುತ್ತಾರೆ. ಅಕ್ಕ ಇದನ್ನು ಕಂಡಕಂಡವರಿಗೆ ಹೇಳಿ ನಗುತ್ತಾಳೆ. ಅವಳಿಗೆ ನಗು ಬರುತ್ತದೆ, ನನಗೆ ಬರುವುದಿಲ್ಲ. ಈಗ ನನ್ನ ಹೊಟ್ಟೆಕಿಚ್ಚೆಲ್ಲ ಆ ನಗುವಿನ ಮೇಲೆ.