ನಮ್ಮ ಫೀಸಿನಲ್ಲಿ ಎದ್ದ ಕೋಣೆ

ಫೀಸು ಕಟ್ಟಿದವರಿಗೆ ಆ ಹಣ ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ಉಂಟು ಎಂದು ನಮ್ಮ ಕಾಲೇಜಿನಲ್ಲಿ ಮೊದಲು ಹೇಳಿದವಳು ನಾನು. ಚರ್ಚಾಕೂಟದಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. ಹಾಗಾಗಿ ಹುಡುಗರು ಅದೇ ಮಾತನ್ನು ನನ್ನ ಕಡೆಗೆ ತಿರುಗಿಸಿದಾಗ ದೂರುವಂತಿರಲಿಲ್ಲ.

ಹೊಸ ಕಾಲೇಜು. ಹುಡುಗಿಯರು ಇಬ್ಬರೇ: ನಾನು, ಮತ್ತು ಬ್ಯಾರಿ ವ್ಯಾಪಾರಿಯೊಬ್ಬರ ಮಗಳು. ನಾನು ಎಣ್ಮಕಜೆಯಿಂದ ಕತ್ತಲಿರುವಾಗಲೇ ಹೊರಟು, ಗುಡ್ಡೆ ಇಳಿದು, ಕಾಸರಗೋಡಿನ ಬಸ್ಸು ಹಿಡಿಯುವವಳು. ಕಾಲೇಜಿನ ಹಿಂದೆ ಗೇರು ಮರಗಳಿದ್ದವು. ಹುಡುಗರಿಗೆ ಅಷ್ಟು ಸಾಕಿತ್ತು. ನಮಗೆ ಹೋಗಲಿಕ್ಕೆ ಜಾಗವಿರಲಿಲ್ಲ. ಸಂಜೆ ಮನೆ ಸೇರುವವರೆಗೆ ನೀರು ಮುಟ್ಟದಿರುವುದೇ ನಾವಿಬ್ಬರೂ ಕಂಡುಕೊಂಡ ಉಪಾಯ. ಕೊನೆಗೆ ನಾನು ಉರಿಮೂತ್ರ, ಜ್ವರ ಎಂದು ಮಲಗಿದೆ. ಡಾಕ್ಟರು ನೀರು ಕುಡಿ ಎಂದರು, ಅಮ್ಮ ಕಾಲೇಜು ಬಿಡು ಎಂದರು. ಅಪ್ಪ ಮಾತ್ರ, "ಅಲ್ಲಿ ಹೆಂಗಸರಿಗೆ ಕೋಣೆ ಕಟ್ಟುತ್ತಾರಂತೆ. ಮಳೆಗೆ ಮೊದಲು ಅದು ಮುಗಿದರೆ ಮುಂದುವರಿಸಲಿ, ಇಲ್ಲದಿದ್ದರೆ ಬೇಡ" ಎಂದರು.

ಕೋಣೆಯ ಗೋಡೆ ಎದ್ದಿತ್ತು, ಹಿಂದೊಂದು ಕಕ್ಕಸೂ ಅರ್ಧ ಆಗಿತ್ತು. ಹಂಚು ಹಾಕುವ ಹೊತ್ತಿಗೆ ಹುಡುಗರು ಪ್ರಿನ್ಸಿಪಾಲರ ಹತ್ತಿರ ಹೋಗಿ, ಉಳಿದ ಹಣದಲ್ಲಿ ಆಟದ ಬಯಲು ಸಮ ಮಾಡಿಸಿ ಎಂದರು. "ಚರ್ಚೆ ಮಾಡಿ, ನಾನು ಕೇಳಿ ತೀರ್ಮಾನಿಸುತ್ತೇನೆ" ಎಂದರು ಅವರು.

ಪ್ರಿನ್ಸಿಪಾಲರ ಅಧ್ಯಕ್ಷತೆಯಲ್ಲಿ ಚರ್ಚಾಕೂಟ ಸೇರಿತು. ಫುಟ್ಬಾಲ್ ತಂಡದ ನಾಯಕ ಎದ್ದ. "ಅಧ್ಯಕ್ಷರೇ, ಇಬ್ಬರು ತಲೆ ಬಾಚಲಿಕ್ಕೆ ಎಲ್ಲರ ಫೀಸು ಎಂತಕ್ಕೆ? ಒಂದು ಕನ್ನಡಿ ತೆಗೆದುಕೊಟ್ಟರೆ ಸಾಲದಾ?"

ಸಭೆ ನಕ್ಕಿತು. ನಾನು ಎದ್ದೆ. "ನಿಮ್ಮ ಚೆಂಡಿನಲ್ಲಿ ನನ್ನ ಫೀಸೂ ಉಂಟು. ನಾನು ಅದನ್ನು ಒಮ್ಮೆಯೂ ಒದೆಯಲಿಲ್ಲ. ನನ್ನ ಪಾಲಿನ ಗಾಳಿ ತೆಗೆದುಕೊಡುತ್ತೀರಾ?"

"ಬಾ ಮಾರಾಯ್ತಿ, ಗೋಲಿಗೆ ಜನ ಇಲ್ಲ" ಎಂದ ಹಿಂದಿನ ಬೆಂಚಿನವನೊಬ್ಬ. ಮತ್ತೆ ನಗು. ಸಮಾನ ಹಕ್ಕು, ಸಮಾನ ಫೀಸು ಎಂದೆಲ್ಲ ಹೇಳಿದೆ. ಎಲ್ಲದಕ್ಕೂ ನಾಯಕನ ಹತ್ತಿರ ಉತ್ತರವಿತ್ತು. ಉತ್ತರವಿಲ್ಲದ ಮಾತು ಒಂದು ನನ್ನ ಬಳಿ ಇತ್ತು. ಅದೊಂದನ್ನು ಹೇಳದೆ ಕುಳಿತೆ.

ಆಗ ನನ್ನ ಪಕ್ಕದವಳು ಎದ್ದಳು. ಕನ್ನಡ ಅವಳ ಮನೆಮಾತಲ್ಲ. ಕ್ಲಾಸಿನಲ್ಲಿ ಹಾಜರಿ ಹೇಳುವುದು ಬಿಟ್ಟರೆ ಅವಳ ಸ್ವರ ಕೇಳಿದವರಿಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಹೇಳಿದಳು: "ನೀವು ಗೇರು ಮರದ ಹಿಂದೆ ಹೋಗ್ತೀರಿ. ನಾವು ಎಲ್ಲಿ ಹೋಗುವುದು? ನೀರು ಕುಡಿಯದೆ ಇವಳಿಗೆ ಕಾಯಿಲೆ ಆಯ್ತು."

ಅಷ್ಟೇ ಹೇಳಿ ಕುಳಿತಳು. ಯಾರೂ ನಗಲಿಲ್ಲ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸತೊಡಗಿದರು. ನಾಯಕ ಎದ್ದು, "ಹಂಚು ಹಾಕಲಿ ಸಾರ್. ಬಯಲು ನಾವೇ ಹಾರೆ ಹಿಡಿದು ಸಮ ಮಾಡ್ತೇವೆ" ಎಂದ. ಮಾಡಿದರು ಕೂಡ, ಅರ್ಧದಷ್ಟು.

ಮಳೆ ಹಿಡಿಯುವ ಮೊದಲೇ ಕೋಣೆ ಮುಗಿಯಿತು. ಒಳಗಿಟ್ಟ ಹೊಸ ಮಡಕೆಯ ನೀರು ಮಣ್ಣಿನ ವಾಸನೆ ಹೊಡೆಯುತ್ತಿತ್ತು. ಲೋಟ ತುಂಬಿಸಿಕೊಳ್ಳುತ್ತ ಕೇಳಿದೆ, "ಅಷ್ಟು ಜನರೆದುರು ನಿನಗೆ ನಾಚಿಕೆ ಆಗಲಿಲ್ಲವಾ?"

"ಆಯ್ತು. ನೀನು ಚೆಂಡಿನ ಮಾತು ಬಿಟ್ಟು ಈಚೆ ಬರಲೇ ಇಲ್ಲ. ಮತ್ತೆಂತ ಮಾಡುವುದು?"

ಕಾಲೇಜು ನಮ್ಮ ಹಣವನ್ನು ಎಲ್ಲಿ ಸುರಿಯುತ್ತದೆ ಎಂದು ನಾನು ಆಮೇಲೂ ಕೇಳುತ್ತಲೇ ಇದ್ದೆ, ಕೇಳಬೇಕಾದದ್ದೇ. ಆದರೆ ಅಂಥ ಪ್ರಶ್ನೆ ಕೇಳಲಿಕ್ಕೆ ನಾನು ಕಾಲೇಜಿನಲ್ಲಿ ಉಳಿದದ್ದು ಆ ಹಂಚಿನಿಂದ, ಮತ್ತು ಅವಳಿಂದ. ಎರಡನೇ ಲೋಟವನ್ನು ಅವಳಿಗೆ ಕೊಟ್ಟೆ. ಬೆಲ್ ಆಗುವವರೆಗೆ ಇಬ್ಬರೂ ಧೈರ್ಯವಾಗಿ ನೀರು ಕುಡಿದೆವು.